ಕೇಬಲ್ ತುಂಡಾದರೆ ಏನು ಮಾಡ್ತೀರಿ, ಸರ್?

ನನ್ನ ನೌಕರಿ ಮನ್ಮಾಡ್ ಜಂಕ್ಷನ್ನಿನಲ್ಲಿ, ಹುಚ್ಚು ಮಾತ್ರ ಪುಣೆಯ ಹಡಪ್ಸರದಲ್ಲಿ. ರಜೆ ಸಿಕ್ಕರೆ ದೌಂಡ್ ಕಡೆಯ ಗಾಡಿ ಹಿಡಿದು ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಗ್ಲೈಡಿಂಗ್ ಸೆಂಟರಿಗೆ ಹೋಗುತ್ತಿದ್ದೆ. ಗ್ಲೈಡರಿಗೆ ಎಂಜಿನ್ ಇಲ್ಲ. ಮೈದಾನದ ಆ ತುದಿಯಲ್ಲಿರುವ ವಿಂಚ್ ಕೇಬಲ್ ಸುತ್ತಿಕೊಳ್ಳುತ್ತಾ ಹೋದಂತೆ ಅದು ಮೂಗೆತ್ತಿ ಏರುತ್ತದೆ.

ಯಾರ ಜೊತೆ ಹಾರಬಹುದು ಎಂದು ಕೇಳಿದರೆ ಜನ ಲಾಗ್‌ಬುಕ್ಕಿನ ಗಂಟೆಗಳ ಲೆಕ್ಕ ಹೇಳುತ್ತಾರೆ. ನಾನು ನೋಡುವುದು ಏರುವ ಮೊದಲಿನ ಒಂದೆರಡು ನಿಮಿಷ. ಹಿರಿಯರೊಬ್ಬರು ಪ್ರತಿ ಸಲವೂ ಮೇಲ್ಮುಚ್ಚಳವನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಏರ್‌ಬ್ರೇಕ್ ಹಿಡಿಕೆಯನ್ನು ಹಿಂದಕ್ಕೆಳೆದು, ಮತ್ತೆ ಮುಂದೆ ತಳ್ಳಿ, ಟಕ್ ಎಂದು ಕೂತ ಮೇಲೆಯೇ ಕೈ ಬಿಡುತ್ತಿದ್ದರು. ಆಮೇಲೆ ಬಾಯಿಬಿಟ್ಟು ಹೇಳುತ್ತಿದ್ದರು: ಗಾಳಿ ಇಂಥ ಕಡೆಯಿಂದ, ಕೇಬಲ್ ಕೆಳಗೇ ತುಂಡಾದರೆ ಮೂಗು ತಗ್ಗಿಸಿ ನೇರ ಮುಂದೆ ಇಳಿಯುವುದು, ಮೇಲೆ ತುಂಡಾದರೆ ಈ ಬದಿಗೆ ತಿರುಗುವುದು. ಮೂಗು ಮೇಲಿದ್ದಾಗ ಎಳೆತ ನಿಂತರೆ ವೇಗ ಕ್ಷಣದಲ್ಲಿ ಸೋರಿಹೋಗುತ್ತದೆ. ವೇಗ ಮರಳಿ ಬರುವ ಮೊದಲೇ ತಿರುಗಿಸಿದರೆ ಗ್ಲೈಡರ್ ಗಿರಕಿ ಹೊಡೆದು ಬೀಳುತ್ತದೆ. ಆಗ ಯೋಚಿಸಲು ಹೊತ್ತಿರುವುದಿಲ್ಲ, ಅದಕ್ಕೇ ನೆಲದ ಮೇಲಿರುವಾಗಲೇ ಯೋಚಿಸುವುದು.

ರೈಲ್ವೆಯವನಾದ ನನಗೆ ಹೀಗೆ ಬಾಯಿಬಿಟ್ಟು ಹೇಳುವುದು ಹೊಸದಲ್ಲ. ಸಿಗ್ನಲ್ ಕಂಡ ಕೂಡಲೇ ಲೋಕೋ ಪೈಲಟ್ ಮತ್ತು ಅಸಿಸ್ಟೆಂಟ್ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳಬೇಕು. ನಿವೃತ್ತಿಯ ಅಂಚಿನಲ್ಲಿರುವವರಿಗೂ ವಿನಾಯಿತಿ ಇಲ್ಲ.

ನನಗೆ ಹೆಚ್ಚು ಭಯವಾಗುವುದು ಇಬ್ಬರು ಹಿರಿಯರು ಒಟ್ಟಿಗೆ ಕೂತಾಗ. ಅವರು ನೋಡಿಕೊಳ್ಳುತ್ತಾರೆ ಎಂದು ಇವರು, ಇವರಿದ್ದಾರಲ್ಲ ಎಂದು ಅವರು. ಕಿರಿಯನಿಗೆ ಎರಡು ಸಲ ಹೇಳುವ ‘ಯು ಹ್ಯಾವ್ ಕಂಟ್ರೋಲ್’ (ಇನ್ನು ಹಿಡಿತ ನಿನ್ನದು) ಎಂಬ ಮಾತು ಅಲ್ಲಿ ಬರೀ ತಲೆಯಾಡಿಸುವಿಕೆಯಾಗಿಬಿಡುತ್ತದೆ. ಹಿಂದೆ ಮುಂದೆ ಕೂರುವ ಗ್ಲೈಡರಿನಲ್ಲಿ ಹಿಂದಿನವರ ತಲೆ ಮುಂದಿನವರಿಗೆ ಕಾಣುವುದೇ ಇಲ್ಲ!

ಇನ್ನು ಕೆಲವು ಅಪಾಯಗಳನ್ನು ಎಂಥ ಪಳಗಿದ ಕಣ್ಣೂ ಹಿಡಿಯಲಾರದು. 2010ರ ಜೂನ್‌ನಲ್ಲಿ ಆಸ್ಟ್ರಿಯದಲ್ಲಿ ಎಲ್-13 ಬ್ಲಾನಿಕ್ ಗ್ಲೈಡರ್ ಒಂದರ ರೆಕ್ಕೆ ಹಾರಾಟದಲ್ಲೇ ಮುರಿದು ಇಬ್ಬರು ಸತ್ತರು. ವರ್ಷಗಟ್ಟಲೆ ಬಳಸಿದ ಲೋಹ ದಣಿದಿತ್ತು. ಆಮೇಲೆ ಜಗತ್ತಿನೆಲ್ಲೆಡೆ ಆ ಮಾದರಿಯ ಹಾರಾಟ ನಿಂತಿತು. ಹಾಗಾಗಿ ಪೈಲಟ್ಟಿನ ಗಂಟೆಗಳಷ್ಟೇ ಗ್ಲೈಡರಿನ ಗಂಟೆಗಳನ್ನೂ ಕೇಳುತ್ತೇನೆ. ಕೆಲವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ಕೇಬಲ್ ಪ್ರಶ್ನೆಯನ್ನೂ ಎಲ್ಲರಿಗೂ ಕೇಳುತ್ತೇನೆ. ‘ಇಷ್ಟು ವರ್ಷ ತುಂಡಾಗಿಲ್ಲ’ ಎಂದವರ ಜೊತೆ ಕೂರುವುದಿಲ್ಲ. ಒಮ್ಮೆ ಮಳೆಗಾಲ ಮುಗಿದ ಹೊಸತರಲ್ಲಿ, ಮುಚ್ಚಳ ಒತ್ತಿ ನೋಡುವ ಆ ಹಿರಿಯರೇ, ಕೈ ಜಡ್ಡುಗಟ್ಟಿದೆ, ಮೊದಲು ಇನ್‌ಸ್ಟ್ರಕ್ಟರ್ ಜೊತೆ ಹಾರಿ ಬರುತ್ತೇನೆ, ಇವತ್ತು ನೀನು ಬೇಡ ಎಂದರು. ಮುಂದಿನ ವಾರ ಅವರ ಜೊತೆಗೇ ಹಾರಿದೆ.