ಜೆಸಿಬಿ ಕರೆಯುವ ಮುನ್ನ

ಊರಲ್ಲಿ ಮನೆ ಕಟ್ಟಿದ್ದೀಯ, ಒಳ್ಳೆಯದು ಮಗೂ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಅಜ್ಜನ ತೋಟಕ್ಕೆ ಬಂದು ನೆಲೆಸುವ ಮನಸ್ಸು ಮಾಡಿದ್ದೇ ದೊಡ್ಡದು. ಈಗ ನಿನಗೊಂದು ಹೊಸ ತಲೆನೋವು. ದಾರಿ ಸೀದಾ ನಿನ್ನ ಜಗಲಿಯ ಮುಂದೆಯೇ ಹಾದು ಹೋಗುತ್ತದೆ. ಟ್ರ್ಯಾಕ್ಟರ್ ಹೋದರೆ ಧೂಳು, ದನ ಹೋದರೆ ಸಗಣಿ, ಜನ ಹೋದರೆ 'ಏನು, ಇನ್ನೂ ಎದ್ದಿಲ್ವಾ?' ಎಂಬ ವಿಚಾರಣೆ. ಸಾಲದ್ದಕ್ಕೆ ವಾಸ್ತುವಿನವನೊಬ್ಬ ಬಂದು, ದಾರಿ ಬಾಗಿಲಿಗೆ ಎದುರು ಬಿದ್ದಿದೆ, ತಿರುಗಿಸಿಬಿಡಿ ಎಂದು ಕಿವಿ ಊದಿ ಹೋಗಿದ್ದಾನೆ. ದಾರಿಯನ್ನು ತೋಟದ ಅಂಚಿಗೆ ಸರಿಸಬೇಕು ಎನ್ನುವುದು ನಿನ್ನ ಆಸೆ. ಆಸೆ ತಪ್ಪಲ್ಲ. ಶನಿವಾರ ಜೆಸಿಬಿ ಕರೆಸಿ ಭಾನುವಾರ ಮುಗಿಸುತ್ತೇನೆ ಎನ್ನುತ್ತೀಯಲ್ಲ, ನನಗೆ ನಗು ಬರುವುದು ಅಲ್ಲಿ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನಿನ್ನ ಬುದ್ಧಿ ಮಟ್ಟವೇನಲ್ಲ, ಕಾಲು ಮಾತ್ರ ಅದಕ್ಕಿಂತ ಮುಂದೆ ಓಡುತ್ತದೆ. ಕಂದಾಯ ಕಚೇರಿಯ ಮೆಟ್ಟಿಲ ಮೇಲೆ ಅರ್ಧ ಆಯಸ್ಸು ಕಳೆದವನು ಹೇಳುತ್ತೇನೆ, ಕೂತು ಕೇಳು. ನೆಲ ನಿನ್ನದೇ ಇರಬಹುದು. ಅದರ ಮೇಲೆ ನಡೆಯುವ ಹಕ್ಕು ಇನ್ನೊಬ್ಬರದೂ ಆಗಿರಬಹುದು. ದಾರಿ ವ್ಯಾಜ್ಯಗಳೆಲ್ಲ ಹುಟ್ಟುವುದು ಇದನ್ನು ಮರೆತವರ ಜಮೀನಿನಲ್ಲೇ.

ಮೊದಲು ಒಂದು ವಾರ ಬೆಳಗ್ಗೆ ಬೇಗ ಎದ್ದು ಜಗಲಿಯ ಮೇಲೆ ಕೂರು. ಕೈಯಲ್ಲಿ ಫೋನ್ ಬೇಡ. ಯಾರ್‍ಯಾರು ಹೋಗುತ್ತಾರೆ ನೋಡು. ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವ ಅಜ್ಜಿಯನ್ನು ಗಮನಿಸು. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಸೊಂಟದ ಮೇಲೆ. ನಿನ್ನ ಹುಣಸೆಮರದ ಬುಡದಲ್ಲಿ ಒಂದು ಗಳಿಗೆ ನಿಂತು ಕೈ ಬದಲಿಸುತ್ತಾಳೆ. ದಾರಿಯನ್ನು ನೀನು ತೋಟದ ಸುತ್ತ ತಿರುಗಿಸಿದರೆ ಆಕೆಗೆ ಇನ್ನೆಷ್ಟು ಸಲ ಕೈ ಬದಲಿಸುವ ಕೆಲಸ ಬೀಳುತ್ತದೆ, ಲೆಕ್ಕ ಹಾಕು. ಡೈರಿಯ ಹೊತ್ತು ಮೀರಿತೋ, ಹಾಲು ಮನೆಗೆ ವಾಪಸ್ಸು. ಕಾರಿನಲ್ಲಿ ಓಡಾಡುವ ನಿನಗೆ ಇದು ಹೊಳೆಯುವುದಿಲ್ಲ.

ದಿನಾ ಓಡಾಡುವವರಾದರೂ ಕಣ್ಣಿಗೆ ಬೀಳುತ್ತಾರೆ. ವರ್ಷಕ್ಕೊಮ್ಮೆ ಬರುವವರೇ ನಿನ್ನ ಪಾಲಿಗೆ ಕಷ್ಟದವರು. ಸುಗ್ಗಿಯಲ್ಲಿ ರಾಗಿಹುಲ್ಲಿನ ಹೇರು ಬರುತ್ತದೆ, ಅದು ಗಾಡಿಗಿಂತಲೂ ಅಗಲ. ತೆಂಗಿನಕಾಯಿ ತುಂಬಲು ಲಾರಿ ಬರುತ್ತದೆ. ಯಾರದೋ ಹೊಲಕ್ಕೆ ಬೋರ್‌ವೆಲ್ ಲಾರಿ ಬರುತ್ತದೆ. ಹಬ್ಬಕ್ಕೆ ಊರ ದೇವರು ಬರುತ್ತದೆ. ಸ್ಮಶಾನಕ್ಕೆ ಹೆಣ ಹೊರುವ ದಾರಿ ಇದೇ ಎಂದು ಅಗೆದ ಮೇಲೆ ಗೊತ್ತಾದರೆ ಕಾನೂನಿನ ಮಾತು ಹಾಗಿರಲಿ, ಊರಿಗೆ ಊರೇ ನಿನ್ನ ಬಾಗಿಲಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಹಿರಿಯರನ್ನು ಕೇಳಿಕೋ. ಹೆಣ್ಣುಮಕ್ಕಳನ್ನು ಮರೆಯದೆ ಕೇಳು. ಯಾವ ದಾರಿಯಲ್ಲಿ ಯಾವಾಗ ನೀರು ನಿಲ್ಲುತ್ತದೆ ಎನ್ನುವುದು ಗಂಡಸರಿಗಿಂತ ಅವರಿಗೆ ಗೊತ್ತು.

ಆಮೇಲೆ ಕಾಗದ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕಾಶೆ ಸಿಗುತ್ತದೆ, ಇಳಿಸಿಕೋ. ಒಂಟಿ ಚುಕ್ಕಿಗೆರೆ ಇದ್ದರೆ ಕಾಲುದಾರಿ, ಜೋಡಿ ಇದ್ದರೆ ಬಂಡಿದಾರಿ. ಅನುಮಾನ ಬಂದರೆ ನಕಾಶೆಯಲ್ಲೇ ಗುರುತುಗಳ ಪಟ್ಟಿ ಇರುತ್ತದೆ, ನೋಡಿಕೋ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಒಂದನ್ನೇ ನೋಡಿ ಮಡಚಿಡಬೇಡ. ಅದರ ಕೆಳಗೆ ಖರಾಬು ಎಂದು ಎರಡು ಸಾಲು ಇರುತ್ತವೆ. ಅ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ಬ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನ ಹೀಗೆ ಸಾರ್ವಜನಿಕರಿಗೆಂದು ಬಿಟ್ಟದ್ದು. ಅದು ನಿನ್ನ ಸರ್ವೆ ನಂಬರಿನೊಳಗೇ ಇದ್ದರೂ ನಿನ್ನದಲ್ಲ.

ಕಾಗದ ನೋಡಿಯೂ ಗಡಿ ತಿಳಿಯದಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕು. ಅಳತೆಯ ದಿನ ಒಂದು ತಮಾಷೆ ಇರುತ್ತದೆ, ತಪ್ಪಿಸಿಕೊಳ್ಳಬೇಡ. ನೋಟಿಸು ಮುಟ್ಟಿದ ಅಕ್ಕಪಕ್ಕದವರು ಛತ್ರಿ ಹಿಡಿದು ಬಂದು ದೂರದೂರ ನಿಲ್ಲುತ್ತಾರೆ. ಯಾರೂ ಮಾತಾಡುವುದಿಲ್ಲ, ಎಲ್ಲರ ಕಣ್ಣೂ ಭೂಮಾಪಕರ ಕಾಲಿನ ಮೇಲೆ. ಲಂಟಾನದ ಪೊದೆ ಸವರಿ, ಮಣ್ಣು ಕೆದಕಿದರೆ ಹಳೆಯ ಮೂಲೆಕಲ್ಲು ಸಿಗುತ್ತದೆ. ಅಲ್ಲಿಂದ ಅಳೆದುಕೊಂಡು ಬಂದರೆ ದಾರಿಯೊಳಕ್ಕೆ ನುಗ್ಗಿರುವುದು ನಮ್ಮದೇ ಬೇಲಿ! ಆಗ ಮುಖ ಸಣ್ಣದು ಮಾಡಿಕೊಳ್ಳದೆ ಬೇಲಿ ಹಿಂದಕ್ಕೆ ಹಾಕಿದರೆ ಊರಲ್ಲಿ ನಿನ್ನ ಮಾತಿಗೆ ಬೆಲೆ ಬರುತ್ತದೆ. ಮುಂದೆ ಅದು ಬೇಕಾಗುತ್ತದೆ.

ಇನ್ನು ನೀನು ಕೇಳಿದ ಪ್ರಶ್ನೆ: 'ಅನುಮತಿ ಯಾರು ಕೊಡುತ್ತಾರೆ? ಒಂದು ಅರ್ಜಿ ಹಾಕಿದರೆ ಆಯ್ತಲ್ಲ?' ಒಂದೇ ಕಿಟಕಿಯಲ್ಲಿ ಸಿಗುವ ಅನುಮತಿ ಅಲ್ಲ ಅದು. ದಾರಿ ಎಂಥದ್ದು ಎನ್ನುವುದರ ಮೇಲೆ ಹೋಗುತ್ತದೆ.

ನಿನ್ನ ಜಮೀನಿನೊಳಗೆ, ನಿನ್ನ ಮನೆಗೆ, ನೀನೊಬ್ಬನೇ ಬಳಸುವ ದಾರಿಯಾದರೆ ಸರಿಸಿಕೋ, ಯಾರ ಅಡ್ಡಿಯೂ ಇಲ್ಲ. ನಕಾಶೆಯಲ್ಲಿರುವ ಸಾರ್ವಜನಿಕ ದಾರಿಯಾದರೆ ಅದಕ್ಕೆ ಕೈ ಹಚ್ಚಲೇಬೇಡ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಅಂಥ ದಾರಿ ಸರ್ಕಾರದ ಸ್ವತ್ತು. ಜನಕ್ಕೆ ಇನ್ನು ಬೇಡವಾದ ದಾರಿಯ ಮೇಲಿನ ಹಕ್ಕು ತೆಗೆಯಬೇಕೆಂದರೆ ಅದು ಜಿಲ್ಲಾಧಿಕಾರಿ ಮಟ್ಟದಲ್ಲಿ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಕೇಳಿ ಆಗಬೇಕಾದ ಕೆಲಸ. ಪಂಚಾಯಿತಿ ಸದಸ್ಯರು ಹೆಗಲ ಮೇಲೆ ಕೈ ಹಾಕಿ 'ನಾನಿದ್ದೀನಿ, ನೀನು ಮಾಡು' ಎಂದರೆ ಕಾಫಿ ಕೊಟ್ಟು ಕಳಿಸು. ನಾಳೆ ನೋಟಿಸು ಬರುವುದು ನಿನ್ನ ಹೆಸರಿಗೆ.

ಮೂರನೆಯದೇ ನಮ್ಮ ಕಡೆ ಹೆಚ್ಚು. ನಕಾಶೆಯಲ್ಲಿ ಇಲ್ಲ, ಪಹಣಿಯಲ್ಲಿ ಇಲ್ಲ, ಆದರೆ ಹಿಂದಿನ ಹೊಲದವರು ತಲೆಮಾರಿನಿಂದ ನಿನ್ನ ತೋಟದೊಳಗೆ ನಡೆಯುತ್ತಿದ್ದಾರೆ. 'ಕಾಗದದಲ್ಲೇ ಇಲ್ಲವಲ್ಲ' ಎಂದು ಹಿಗ್ಗಬೇಡ. 1882ರ ಅನುಭೋಗದ ಹಕ್ಕುಗಳ ಕಾಯ್ದೆ ಇನ್ನೂ ಜೀವಂತ ಇದೆ. ಇಪ್ಪತ್ತು ವರ್ಷ ಎಲ್ಲರ ಕಣ್ಣೆದುರಿಗೆ, ತಂಟೆಯಿಲ್ಲದೆ, ತಡೆಯಿಲ್ಲದೆ, ತಮ್ಮ ಹಕ್ಕೆಂದೇ ನಡೆದವರಿಗೆ ಆ ದಾರಿಯ ಹಕ್ಕು ಬರುತ್ತದೆ. ನಿನ್ನ ಅಜ್ಜನನ್ನು ಕೇಳಿ, ಅವರ ದಯೆಯಿಂದ ನಡೆದವರಿಗೆ ಹಾಗೆ ಬರುವುದಿಲ್ಲ. ಆದರೆ ದಯೆಯೋ ಹಕ್ಕೋ ಎಂದು ಸಾಕ್ಷಿ ಹೇಳಲು ಅಜ್ಜ ಈಗ ಎಲ್ಲಿದ್ದಾರೆ?

'ಅವರಿಗೆ ಬೇರೆ ದಾರಿ ಇದೆ' ಎನ್ನುವ ವಾದವೂ ಎಲ್ಲ ಕಡೆ ನಡೆಯುವುದಿಲ್ಲ. ಬೇರೆ ಗತಿಯೇ ಇಲ್ಲವೆಂದು ಸಿಕ್ಕ ದಾರಿಯ ಹಕ್ಕು, ಆ ಅಗತ್ಯ ತೀರಿದಾಗ ತೀರುತ್ತದೆ. ನಡೆದೂ ನಡೆದು ಗಳಿಸಿದ ಹಕ್ಕು ಹಾಗೆ ಹೋಗುವುದಿಲ್ಲ. ನಿನಗೆ ಸಮಾಧಾನ ಹೇಳುವ ಮಾತೂ ಅದೇ ಕಾಯ್ದೆಯಲ್ಲಿದೆ. ನಡೆಯುವವರೂ ತಮಗೆ ತೋಚಿದಂತೆ ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ದಾರಿ ಬದಲಿಸುವಂತಿಲ್ಲ. ತೋಟದ ತುಂಬ ಅಡ್ಡಾಡುತ್ತಿದ್ದರೆ, ಅವರಿಗೆ ನಷ್ಟವಾಗದಂತೆ ಒಂದು ಗೊತ್ತಾದ ಪಟ್ಟಿಯಲ್ಲೇ ನಡೆಯಿರಿ ಎಂದು ನೀನು ಕೇಳಬಹುದು. ಒಟ್ಟಿನಲ್ಲಿ ಇಬ್ಬರೂ ಒಪ್ಪದೆ ದಾರಿ ಜರುಗುವುದಿಲ್ಲ.

ಆ ಒಪ್ಪಿಗೆ ಪಡೆಯುವುದರಲ್ಲೇ ನಿನ್ನ ಸ್ವಭಾವದ ಪರೀಕ್ಷೆ. ಹಿಂದಿನ ಹೊಲದವರ ಮನೆಗೆ ನೀನೇ ಹೋಗು. ಅವರನ್ನು ನಿನ್ನ ಹೊಸ ಮನೆಗೆ ಕರೆಸಿ, ಸೋಫಾದ ಅಂಚಿನಲ್ಲಿ ಕೂರಿಸಿ ಮಾತಾಡಿದರೆ ಅದು ಮಾತುಕತೆ ಆಗುವುದಿಲ್ಲ, ಅಪ್ಪಣೆ ಆಗುತ್ತದೆ. ಸಂಜೆ ದನ ಕಟ್ಟಿ ಕೈಕಾಲು ತೊಳೆದ ಮೇಲೆ ಹೋಗು. ಮಳೆ ಬೆಳೆ ಮಾತಾಡು. ಟೀ ಬಂದಾಗ ವಿಷಯ ತೆಗೆ. ಲ್ಯಾಪ್‌ಟಾಪ್ ತೆರೆದು ಉಪಗ್ರಹ ಚಿತ್ರ ತೋರಿಸಲು ಹೋಗಬೇಡ. ನಾಳೆ ಬೆಳಗ್ಗೆ ಬನ್ನಿ, ಹೊಸ ದಾರಿಗೆ ಗೂಟ ಹೊಡೆದಿದ್ದೇನೆ, ನಡೆದು ನೋಡೋಣ ಎನ್ನು.

'ಮಾಡ್ಕೊಳ್ಳಪ್ಪ, ನಂದೇನು' ಎಂದು ಅವರು ಹೇಳಬಹುದು. ಅದು ಒಪ್ಪಿಗೆಯಲ್ಲ ಮಗೂ. 'ನೀನು ದುಡ್ಡಿರುವವನು, ನಾನು ಹೇಳಿದರೆ ಕೇಳ್ತೀಯಾ' ಎನ್ನುವುದರ ಮರ್ಯಾದೆಯ ರೂಪ. ಹಾಗೆಂದವರೇ ಮರುದಿನ ಬಸ್ಸು ಹತ್ತಿ ತಾಲೂಕು ಕಚೇರಿಗೆ ಹೋದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಕೂಗಾಡುವವರಿಗೆ ಹೆದರಬೇಡ. ಕೂಗಾಡುವವರಿಗೆ ಏನು ಬೇಕೆಂದು ಗೊತ್ತಿರುತ್ತದೆ, ಕೊಟ್ಟರೆ ಮುಗಿಯುತ್ತದೆ. ಸುಮ್ಮನೆ ತಲೆ ಅಲ್ಲಾಡಿಸುವವರ ಹತ್ತಿರ ಮತ್ತೆ ಹೋಗು. 'ಹೇರು ತಿರುಗುತ್ತಾ? ಮಳೆಗಾಲಕ್ಕೆ ಕೆಸರಾಗಲ್ವಾ?' ಎಂದು ಅವರೇ ತಕರಾರು ತೆಗೆದರೆ ಒಳಗೊಳಗೇ ಸಂತೋಷಪಡು. ತಕರಾರು ಬಂತೆಂದರೆ ಆ ದಾರಿಯಲ್ಲಿ ಮನಸ್ಸಿನಲ್ಲೇ ಒಂದು ಸಲ ಓಡಾಡಿ ಬಂದಿದ್ದಾರೆ.

ಒಪ್ಪಿದರೆ ತಕ್ಷಣ ಬರೆಸು. ನೂರು ರೂಪಾಯಿ ಸ್ಟಾಂಪ್ ಕಾಗದ, ನೋಟರಿ ಮೊಹರು, ಇಬ್ಬರು ಸಾಕ್ಷಿ ಸಾಕು ಎನ್ನುವ ಜಾಣರು ಪ್ರತಿ ಟೀ ಅಂಗಡಿಯಲ್ಲೂ ಇರುತ್ತಾರೆ. ನೂರು ರೂಪಾಯಿ ಮತ್ತು ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕು ಕೊಡುವ, ಬಿಡುವ ಪತ್ರ ನೋಂದಣಿಯಾಗಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆದ್ದರಿಂದ ಉಪನೋಂದಣಾಧಿಕಾರಿ ಕಚೇರಿಗೇ ಹೋಗು. ಹಳೆಯ ದಾರಿಯ ಹಕ್ಕು ಬಿಟ್ಟದ್ದು, ಹೊಸ ದಾರಿಯ ಹಕ್ಕು ಕೊಟ್ಟದ್ದು, ಎರಡೂ ಒಂದೇ ಪತ್ರದಲ್ಲಿ ಇರಲಿ. ಸರ್ವೆ ನಂಬರು, ಚೆಕ್ಕುಬಂದಿ, ಉದ್ದ, ಅಗಲ, ಅಳತೆಯ ನಕ್ಷೆ ಇರಲಿ. ಕಾಲ್ನಡಿಗೆಗೆ ಮಾತ್ರವೋ, ಲಾರಿಗೂ ಸೈಯೋ, ರಿಪೇರಿ ಯಾರದ್ದು, ವಾರಸುದಾರರಿಗೂ ಅನ್ವಯವೋ ಎಲ್ಲ ಬರೆಸು. ಅವರ ಮನೆಯಲ್ಲಿ ಭಾಗ ಆಗಿಲ್ಲದಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಸಹಿ ಬೇಕು. ದುಬೈನಲ್ಲಿರುವ ತಮ್ಮನನ್ನು ಮರೆತರೆ ಅವನು ಊರಿಗೆ ಬಂದ ವಾರದಲ್ಲೇ ನಿನಗೆ ವಕೀಲರ ಪತ್ರ ಬರುತ್ತದೆ. ನಿನ್ನ ಜಮೀನಿನ ಮೇಲೆ ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿಗೂ ಮೊದಲೇ ತಿಳಿಸು.

ಅಗಲದ ವಿಷಯದಲ್ಲಿ ಜಿಪುಣತನ ಬೇಡ. ನಿನಗೆ ಲೆಕ್ಕ ಚೆನ್ನಾಗಿ ಬರುತ್ತದಲ್ಲ, ತಗೋ. ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. 11 ಅಡಿ ಅಗಲದ ದಾರಿ 99 ಅಡಿ ಸಾಗಿದರೆ ಒಂದು ಗುಂಟೆ. 400 ಅಡಿ ಸಾಗಿದರೆ ನಾಲ್ಕು ಗುಂಟೆ ಚಿಲ್ಲರೆ. ಇಷ್ಟು ಹೋಯಿತಲ್ಲ ಎಂದು ಹೊಟ್ಟೆ ಉರಿದು ಎಂಟು ಅಡಿಗೆ ಇಳಿಸಿದೆಯೋ, ನಿನ್ನ ಮನೆಗೇ ಆಂಬುಲೆನ್ಸ್ ಬರಬೇಕಾದ ದಿನ ಅದು ತಿರುವಿನಲ್ಲಿ ನಿಲ್ಲುತ್ತದೆ. ತಿರುವುಗಳಲ್ಲಿ ಇನ್ನಷ್ಟು ಅಗಲ ಬಿಡು.

ನೀರಿನ ಓಟ ನೋಡದೆ ಮಣ್ಣು ಹಾಕಬೇಡ. ಏರಿಸಿದ ದಾರಿ ಮೊದಲ ಜಡಿಮಳೆಗೇ ಕಟ್ಟೆಯಾಗುತ್ತದೆ. ಮೇಲಿನ ಹೊಲದಲ್ಲಿ ನೀರು ನಿಂತು ಬೆಳೆ ಕೊಳೆತರೆ ಹೊಸ ಜಗಳ. ನೀರು ಹರಿಯುವಲ್ಲಿ ಪೈಪು ಹಾಕಿ ಮೋರಿ ಕಟ್ಟಿಸು. ಮರ ಅಡ್ಡ ಬಂದರೆ ಗರಗಸ ಎತ್ತುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸು. 1976ರ ಮರಗಳ ಸಂರಕ್ಷಣಾ ಕಾಯ್ದೆ ನಿನ್ನ ಸ್ವಂತ ಜಮೀನಿನ ಮರಕ್ಕೂ ಅನ್ವಯಿಸುತ್ತದೆ, ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಹಳೆಯ ದಾರಿಯ ಪಕ್ಕ ಕರೆಂಟ್ ಕಂಬ, ನಲ್ಲಿ ಪೈಪು ಇದ್ದರೆ ಅವನ್ನು ಸರಿಸುವ ಅರ್ಜಿ, ಖರ್ಚು ಎರಡೂ ನಿನ್ನ ತಲೆಗೇ. ಹೊಸ ದಾರಿ ಡಾಂಬರು ರಸ್ತೆಗೆ ಕೂಡುವಲ್ಲಿ ಆ ರಸ್ತೆ ಯಾರದ್ದೆಂದು ತಿಳಿದುಕೋ: ಪಂಚಾಯಿತಿಯದೋ, ಲೋಕೋಪಯೋಗಿಯದೋ, ರಾಷ್ಟ್ರೀಯ ಹೆದ್ದಾರಿಯೋ. ಹೆದ್ದಾರಿಗೆ ಹೊಸ ಬಾಯಿ ತೆಗೆಯಬೇಕಾದರೆ 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯಂತೆ ಅನುಮತಿ ಬೇಕೇ ಬೇಕು. ರಸ್ತೆಯ ತಿರುವಿನಲ್ಲಂತೂ ಬಾಯಿ ತೆಗೆಯಲೇಬೇಡ. ಅನುಮತಿ ಸಿಕ್ಕರೂ ಬೇಡ.

ಇಷ್ಟಾದ ಮೇಲೂ ಜಗಳ ಬಂದರೆ ಕೈ ಎತ್ತಬೇಡ, ಬೇಲಿ ಕೀಳಬೇಡ. ದಾರಿಯ ಬಳಕೆಯ ಬಗ್ಗೆ ಶಾಂತಿ ಕದಡುವ ಹಾಗಿದ್ದರೆ ತಹಸೀಲ್ದಾರರು ತಾಲೂಕು ದಂಡಾಧಿಕಾರಿಯಾಗಿ ವಿಚಾರಣೆ ಮಾಡುತ್ತಾರೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166. ಹಕ್ಕು ಯಾರದ್ದೆಂದು ಕೊನೆಗೆ ತೀರ್ಮಾನಿಸುವುದು ಸಿವಿಲ್ ಕೋರ್ಟು.

ಕೊನೆಗೆ ಒಂದು ಮಾತು, ಇದನ್ನು ಮಾತ್ರ ಮರೆಯಬೇಡ. ಹೊಸ ದಾರಿ ಸಿದ್ಧವಾಗಿ ಒಂದು ಮಳೆಗಾಲ ಕಳೆಯುವ ತನಕ ಹಳೆಯದನ್ನು ಮುಚ್ಚಬೇಡ. ಎರಡೂ ಇರಲಿ. ಎಲ್ಲಿ ಕುಸಿಯುತ್ತದೆ, ಎಲ್ಲಿ ಟೈರು ಹೂಳುತ್ತದೆ ಎಂದು ಮಳೆಯೇ ತೋರಿಸಿಕೊಡುತ್ತದೆ. ಅಲ್ಲಿ ಜಲ್ಲಿ ಹಾಕಿಸು. ಜನ ತಾವಾಗಿ ಹೊಸದರಲ್ಲಿ ಓಡಾಡತೊಡಗಿದ ಮೇಲೆ ಹಳೆಯದಕ್ಕೆ ಬೇಲಿ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಇದಕ್ಕೆಲ್ಲ ವರ್ಷ ಹಿಡಿಯುತ್ತದಲ್ಲ ಎಂದು ಮೂತಿ ಉದ್ದ ಮಾಡಬೇಡ. ದಾರಿ ಕೇಸಿಗೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ತಾಲೂಕು ಕೋರ್ಟಿನ ಮುಂದೆ ಟೀ ಮಾರುವವನನ್ನು ಕೇಳಿ ಬಾ. ಅಪ್ಪನ ಕೇಸಿಗೆ ಈಗ ಮಗ ಬಂದು ಟೀ ಕುಡಿಯುವುದನ್ನು ಅವನು ದಿನಾ ನೋಡುತ್ತಾನೆ.