ಎರಡು ವರ್ಷದ ಸಿಂಹಕ್ಕೆ ಅಂಗಿ ಹೊಲಿಯುವಾಗ

ಹ್ಯಾಲೋವೀನ್ ಎಂದರೆ ನಮ್ಮ ಶಾಲೆಗಳ ಛದ್ಮವೇಷದಂಥದ್ದೇ ಅಲ್ಲವೇ ಎಂದು ಊರಿನವರು ಫೋನಿನಲ್ಲಿ ಕೇಳುತ್ತಾರೆ. ಹೊಲಿಯುವವರ ಪಾಲಿಗೆ ಅಲ್ಲ. ಛದ್ಮವೇಷದ ಮಗು ವೇದಿಕೆ ಹತ್ತಿ, ಎರಡು ಮಾತು ಒಪ್ಪಿಸಿ ಇಳಿದುಬಿಡುತ್ತದೆ. ಅಲ್ಲಿ ಪಿನ್ನು ಚುಚ್ಚಿದ ಪಂಚೆಯೂ ನಡೆಯುತ್ತದೆ. ಇಲ್ಲಿ ಮಿನೆಸೋಟದಲ್ಲಿ ಅಕ್ಟೋಬರ್ 31ರ ಸಂಜೆ ಅದೇ ವಯಸ್ಸಿನ ಮಗು ಚಾಕಲೇಟು ಕೇಳಲು ಮನೆಮನೆಯ ಮೆಟ್ಟಿಲು ಹತ್ತಬೇಕು, ಎಡವಬೇಕು, ಹುಲ್ಲಿನ ಮೇಲೆ ಕೂತು ಹಟ ಮಾಡಬೇಕು. ಮೊದಲು ಅದು ಬಟ್ಟೆ, ಆಮೇಲೆ ವೇಷ. ಪರಿಚಯದವರ ಮಕ್ಕಳಿಗೆಲ್ಲ ಹೊಲಿದುಕೊಟ್ಟು ಕಲಿತದ್ದು ಇಷ್ಟು.

1. ಅಳತೆಯನ್ನು ಜಾಕೆಟ್ಟಿನ ಮೇಲೆ ತೆಗೆಯಿರಿ. 1991ರ ಹ್ಯಾಲೋವೀನ್ ದಿನ ಶುರುವಾದ ಹಿಮಪಾತ ಮಿನಿಯಾಪೊಲಿಸ್ ಸುತ್ತ 28.4 ಇಂಚು ಹಿಮ ಸುರಿಸಿಯೇ ನಿಂತದ್ದು. ಅಂದು ಮಕ್ಕಳಾಗಿದ್ದವರು ಇಂದಿಗೂ ಆ ಕಥೆ ಹೇಳುತ್ತಾರೆ, ತಮ್ಮ ಮಕ್ಕಳಿಗೆ ದಪ್ಪ ಜಾಕೆಟ್ಟಿನ ಮೇಲೆ ಏರುವ ವೇಷವನ್ನೇ ಕೇಳುತ್ತಾರೆ. ಪ್ಯಾಟರ್ನ್ ಲಕೋಟೆಯ ಮೇಲಿನ ಸೈಜು ಅಂಗಡಿಯ ಸಿದ್ಧ ಉಡುಪಿನ ಸೈಜಿಗೆ ತಾಳೆಯಾಗುವುದೂ ಅಪರೂಪ. ಟೇಪನ್ನೇ ನಂಬಿ.

2. ಫ್ಲೀಸ್ ಬಿಟ್ಟು ಬೇರೆ ಬಟ್ಟೆ ಹುಡುಕಬೇಡಿ. ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲ, ಮಡಿಚಿ ಹೊಲಿಯುವ ಕೆಲಸವೇ ಇಲ್ಲ. ಅಡ್ಡ ಅಂಚನ್ನು ಹಿಡಿದು ಎಳೆದರೆ ಬಟ್ಟೆ ಸುರುಳಿಯಾಗುವ ಕಡೆ ಒಳಮೈ. ಬಾಲ್‌ಪಾಯಿಂಟ್ ಸೂಜಿ, 90/14. ಹೊಲಿಗೆಯ ಉದ್ದ 3 ಮಿಲಿಮೀಟರಿಗೆ ಕಡಿಮೆ ಬೇಡ. ಇಸ್ತ್ರಿ ಮಾತ್ರ ಮುಟ್ಟಿಸಬಾರದು, ಕರಗುತ್ತದೆ. 2025ರಲ್ಲಿ ಜೋಆ್ಯನ್ ಎಂಬ ಬಟ್ಟೆ ಮಳಿಗೆಗಳೆಲ್ಲ ಬಾಗಿಲು ಹಾಕಿದ ಮೇಲೆ ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳುವ ಸುಖ ಕಡಿಮೆಯಾಗಿದೆ. ಸೆಕೆಂಡ್‌ಹ್ಯಾಂಡ್ ಅಂಗಡಿಯ ಒಂದು ಫ್ಲೀಸ್ ಹೊದಿಕೆ ಸಾಕು, ಇಷ್ಟು ಚಿಕ್ಕ ಮಗುವಿನ ಸಿಂಹ ಅದರಲ್ಲೇ ಮುಗಿಯುತ್ತದೆ.

3. ಸಿಂಹದ ಜೀವ ಕೇಸರದಲ್ಲಿದೆ. ಸಮಯವನ್ನೆಲ್ಲ ಅಲ್ಲಿಗೇ ಕೊಡಿ. ಕಂದು ಮತ್ತು ಸಾಸಿವೆ ಬಣ್ಣದ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಒಂದು ಅಂಚಿನಲ್ಲಿ ಮುಕ್ಕಾಲು ಇಂಚು ಬಿಟ್ಟು, ಉಳಿದದ್ದನ್ನು ಅರ್ಧರ್ಧ ಇಂಚಿಗೆ ಸೀಳಿ. ಸೀಳು ಬಟ್ಟೆ ಹಿಗ್ಗದ ದಿಕ್ಕಿನಲ್ಲೇ ಹೋಗಲಿ, ಇಲ್ಲವಾದರೆ ಮಗು ಎಳೆದೆಳೆದು ಕೇಸರ ಶ್ಯಾವಿಗೆಯಾಗುತ್ತದೆ. ಬಿಟ್ಟ ಅಂಚನ್ನು ಟೋಪಿಯ ಹೊರಬಟ್ಟೆಗೂ ಲೈನಿಂಗಿಗೂ ನಡುವೆ ಸಿಕ್ಕಿಸಿ, ಎರಡು ಸಲ ಹೊಲಿಗೆ ಓಡಿಸಿ. ಕೆನ್ನೆಯ ಪಕ್ಕ ನಾಲ್ಕು ಇಂಚು ಉದ್ದವಿದ್ದರೆ ಚೆಂದ. ಹಣೆಯ ಮೇಲೆ ಒಂದೂವರೆ ಇಂಚು ದಾಟಬಾರದು: ರೆಪ್ಪೆಗೆ ತಾಗಿದೊಡನೆ ಟೋಪಿ ಹಿಂದಕ್ಕೆ ಹಾರುತ್ತದೆ, ಆಮೇಲೆ ದೇವರೇ ಬಂದರೂ ಮಗು ಅದನ್ನು ಹಾಕಿಕೊಳ್ಳುವುದಿಲ್ಲ. ಸೀಳುವ ಬದಲು ಕುಣಿಕೆ ಕುಣಿಕೆಯಾಗಿ ಹೊಲಿಯುವವರಿದ್ದಾರೆ. ನೋಡಲು ಸೊಗಸು, ಆದರೆ ಬಾಗಿಲ ಹಿಡಿಗೆ ಸಿಕ್ಕಿಕೊಳ್ಳುತ್ತದೆ.

4. ಬಾಲ ಮೊಣಕಾಲಿನಿಂದ ಮೇಲೇ ನಿಲ್ಲಲಿ. ಹೊಲಿದು ಕೂಡಿಸದೆ ವೆಲ್ಕ್ರೋದಿಂದ ಅಂಟಿಸಿ. ಹಿಂದೆ ಬರುವ ಮಗು ತುಳಿದರೆ ಬಾಲ ಕೈಗೆ ಬರುತ್ತದೆ, ನಮ್ಮ ಮಗು ಬೀಳುವುದಿಲ್ಲ.

5. ಡಯಾಪರ್ ಮರೆಯಬೇಡಿ. ಕುಂಡೆಯ ಕಡೆ ಎರಡು ಇಂಚು ಸಡಿಲ, ಕಾಲಿನ ಸಂದಿನಲ್ಲಿ ಪ್ರೆಸ್ ಬಟನ್. ಬೆನ್ನಿನ ಜಿಪ್ಪು ಚಿತ್ರದಲ್ಲಿ ಚೆನ್ನ, ಡಯಾಪರ್ ಬದಲಿಸುವಾಗ ಶಿಕ್ಷೆ.

6. ಕುತ್ತಿಗೆಗೆ ದಾರ ಖಂಡಿತ ಬೇಡ. 2ಟಿಯಿಂದ 12ರವರೆಗಿನ ಸೈಜಿನ ಜಾಕೆಟ್ಟುಗಳ ಟೋಪಿ, ಕತ್ತಿನ ಭಾಗಗಳಲ್ಲಿ ಎಳೆಯುವ ದಾರವಿದ್ದರೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅದನ್ನು ಅಪಾಯವೆಂದೇ ಎಣಿಸುತ್ತದೆ. ಮನೆಯಲ್ಲಿ ಹೊಲಿದದ್ದಕ್ಕೆ ತನಿಖೆಗೆ ಯಾರೂ ಬರುವುದಿಲ್ಲ, ಆದರೆ ಜಾರುಬಂಡಿಗೆ ಸಿಕ್ಕಿಕೊಳ್ಳುವ ದಾರ ಮನೆಯದೋ ಅಂಗಡಿಯದೋ ಎಂದು ಕೇಳುವುದಿಲ್ಲ. ಗುಂಡಿಯ ಕಣ್ಣೂ ಬೇಡ, ಕಿತ್ತರೆ ನೇರ ಬಾಯಿಗೆ. ದಾರದಿಂದ ಕಸೂತಿ ಹಾಕಿ. ಮುಖವಾಡವಂತೂ ಈ ವಯಸ್ಸಿಗೆ ಅಲ್ಲವೇ ಅಲ್ಲ.

7. ಕುಂಬಳಕಾಯಿ ದೀಪಗಳ ಹತ್ತಿರ ಎಚ್ಚರ. ಪಾಲಿಯೆಸ್ಟರ್ ಫ್ಲೀಸ್ ಉರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಗಲ ತೋಳು, ನೆಲ ಗುಡಿಸುವ ಲಂಗ ಬಿಡಿ. ಮೇಣದ ಬತ್ತಿಯ ಬದಲು ಬ್ಯಾಟರಿ ದೀಪ ಇಡಿ ಎಂದು ನೆರೆಯವರಿಗೆ ಹೇಳಲು ಸಂಕೋಚವೇನೂ ಬೇಡ.

8. ಕಾರಿನಲ್ಲಿ ವೇಷ ಬೇಡ. ದಪ್ಪ ಬಟ್ಟೆಯ ಮೇಲೆ ಬಿಗಿದ ಕಾರ್‌ಸೀಟ್ ಬೆಲ್ಟು ಅಪಘಾತದಲ್ಲಿ ಸಡಿಲಾಗುತ್ತದೆ. ಅನೋಕ ಪಟ್ಟಣದ ಹ್ಯಾಲೋವೀನ್ ಮೆರವಣಿಗೆಗೆ ದೂರದಿಂದ ಹೋಗುವವರಂತೂ ಜಾಕೆಟ್ಟು, ವೇಷ ಎರಡನ್ನೂ ಅಲ್ಲಿ ಇಳಿದ ಮೇಲೆಯೇ ತೊಡಿಸಲಿ. 1920ರಿಂದ ನಡೆದು ಬಂದ ಹಬ್ಬ ಅದು, ಐದು ನಿಮಿಷ ಕಾಯುತ್ತದೆ.

9. ಹಬ್ಬಕ್ಕೆ ಒಂದು ವಾರ ಮೊದಲೇ ವೇಷವನ್ನು ಆಟದ ಸಾಮಾನಿನ ಜೊತೆ ಬಿಟ್ಟುಬಿಡಿ. ಮಗು ತಾನಾಗಿ ಎತ್ತಿಕೊಳ್ಳಲಿ. ಅಷ್ಟಾದರೂ ಆ ಸಂಜೆ ಟೋಪಿ ಬೇಡವೆಂದು ಕಿತ್ತೆಸೆದರೆ ಬಲವಂತ ಮಾಡಬೇಡಿ. ಜಾಕೆಟ್ಟಿಗೆ ಬಾಲವೊಂದನ್ನು ಅಂಟಿಸಿ ಕಳಿಸಿ, ಚಾಕಲೇಟು ಅದಕ್ಕೂ ಸಿಗುತ್ತದೆ.