ಎರೆ ಹೊಲಕ್ಕೆ ವಾಟರ್ ಶೂ: ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

“ಆನ್‌ಲೈನ್‌ನಾಗ ವಾಟರ್ ಶೂ ಅಂತ ಬರ್ತಾವಲ್ರಿ, ಹೊಲಕ್ಕ ನಡೀತಾವೇನು?” ಅಂತ ಕಡಗಂಚಿ ಸುತ್ತಿನ ಹುಡುಗರು ಕೇಳ್ತಾನೇ ಇರ್ತಾರೆ. ನಡೀತಾವೆ, ಆದರೆ ಎಲ್ಲಾ ಕೆಲಸಕ್ಕೂ ಅಲ್ಲ.

ಈ ಶೂ ಮೇಲೆ ಜಾಳಿಗೆಯಂಥ ಬಟ್ಟೆ, ಕೆಳಗೆ ತೆಳು ರಬ್ಬರ್ ಅಟ್ಟೆ. ನೀರು ಒಳಗೆ ಬರೋದನ್ನ ಇದು ತಡೆಯೋದಿಲ್ಲ, ಬಂದ ನೀರನ್ನ ಹೊರಗೆ ಬಿಡುತ್ತೆ. ಗಮ್‌ಬೂಟಿನೊಳಗೆ ಒಮ್ಮೆ ನೀರು ಹೊಕ್ಕರೆ ಕೊಡ ಹೊತ್ತಂಗೆ ಆಗುತ್ತೆ, ಇದರಲ್ಲಿ ಹಂಗಿಲ್ಲ. ಹಗುರ, ಬೇಗ ಒಣಗುತ್ತೆ, ಚಪ್ಪಲಿಯಂಗೆ ಕೆಸರಿನಲ್ಲಿ ಉಳಿದುಬಿಡೋದಿಲ್ಲ. ತರಕಾರಿ ಮಡಿಗೆ ನೀರು ಕಟ್ಟೋದು, ಹಗಲಲ್ಲಿ ಡ್ರಿಪ್ ಪೈಪ್ ತೊಳೆಯೋದು, ಸೊಪ್ಪು ತೊಳೆಯೋದು, ಇಂಥ ಕೆಲಸಕ್ಕೆ ನಾನು ಇದನ್ನೇ ಹಾಕ್ತೀನಿ.

ನಮ್ಮ ಎರೆ ಮಣ್ಣಿನ ಸ್ವಭಾವ ಬೇರೆ. ಇದರಲ್ಲಿರೋ ಜೇಡಿ ನೀರು ಕುಡಿದು ಉಬ್ಬುತ್ತೆ, ಅಂಟುತ್ತೆ. ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಕಿಲೋಗಟ್ಟಲೆ ರಾಡಿ ಮೆತ್ತಿಕೊಳ್ಳುತ್ತೆ. ಯಾವ ಶೂ ಹಾಕಿದರೂ ಇದು ತಪ್ಪಿದ್ದಲ್ಲ. ದೊಡ್ಡ ಮಳೆಯಾದ ಮೇಲೆ ಹದ ಬರೋತನಕ ಹೊಲಕ್ಕೆ ಇಳಿಯದಿರೋದೇ ಒಳ್ಳೇದು; ಹಸಿ ಎರೆ ತುಳಿದರೆ ಮಣ್ಣು ಬಿಗಿದುಕೊಂಡು ಬೇರಿಗೆ ಗಾಳಿ ಸಿಗೋದಿಲ್ಲ.

ಶೂಗೆ ಮೆತ್ತಿದ ಮಣ್ಣಿನ ವಿಷಯ ಇನ್ನೂ ದೊಡ್ಡದು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂತು. ಆ ತೊಗರಿಯನ್ನ ನಿಂತಲ್ಲೇ ಒಣಗಿಸೋ ನೆಟೆ ರೋಗದ ಶಿಲೀಂಧ್ರ, ಫ್ಯುಸೇರಿಯಂ ಉಡಂ, ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕಿರುತ್ತೆ. ನೆಟೆ ಬಿದ್ದ ಹೊಲದಲ್ಲಿ ಓಡಾಡಿ ಅದೇ ಕಾಲಲ್ಲಿ ಪಕ್ಕದ ಹೊಲಕ್ಕೆ ಹೋದರೆ ರೋಗದ ಮಣ್ಣನ್ನ ನಾವೇ ಹೊತ್ತೊಯ್ದಂಗೆ. ಬದುವಿನ ಮೇಲೆ ಕಡ್ಡಿಯಿಂದ ಕೆರೆದು, ನೀರು ಹಾಕಿ ಬ್ರಷ್‌ನಿಂದ ತಿಕ್ಕಿ, ಆಮೇಲೆ ದಾಟಿರಿ. ತೊಳೆಯೋಕೆ ವಾಟರ್ ಶೂ ಸಲೀಸು, ಆದರೆ ಅಟ್ಟೆಯ ಗೀರುಗಳನ್ನ ಬಿಡಬೇಡಿ.

ಇನ್ನು ಹಾಕಬಾರದ ಜಾಗ. ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಮೊಳೆಯಂಗೆ ನಿಂತಿರುತ್ತೆ, ಬದುವಿನಲ್ಲಿ ಬಳ್ಳಾರಿ ಜಾಲಿ ಮುಳ್ಳು. ತೆಳು ಅಟ್ಟೆ ಎರಡಕ್ಕೂ ಸಾಲದು. ಔಷಧ ಹೊಡೆಯುವಾಗಲೂ ಬೇಡ, ಬಟ್ಟೆ ದ್ರಾವಣ ಹೀರಿ ಚರ್ಮಕ್ಕೆ ಹಚ್ಚುತ್ತೆ. ಸಾವಯವ ಅಂತ ಸಲೀಸು ತಗೋಬೇಡಿ, ಬೋರ್ಡೋ ದ್ರಾವಣವೂ ಚರ್ಮ ಉರಿಸುತ್ತೆ. ಅಲ್ಲಿ ಗಮ್‌ಬೂಟೇ ಬೇಕು, ಪ್ಯಾಂಟ್ ಬೂಟಿನ ಹೊರಗಿರಲಿ. ಒಳಗೆ ಸೇರಿಸಿದರೆ ಸೋರಿದ್ದೆಲ್ಲಾ ಪಾದಕ್ಕೇ ಇಳಿಯುತ್ತೆ.

ರಾತ್ರಿ ಕರೆಂಟ್ ಬಂದಾಗ ನೀರು ಬಿಡೋಕೆ ಹೋಗೋರಿಗೆ ಒಂದೇ ಮಾತು: ಮೊಣಕಾಲ ಸಮೀಪದವರೆಗೆ ಬರೋ ಗಮ್‌ಬೂಟ್, ಕೈಯಲ್ಲಿ ಬ್ಯಾಟರಿ. ಹಾವು ಬಹುತೇಕ ಕಡಿಯೋದು ಪಾದಕ್ಕೆ, ಮೀನಖಂಡದ ಕೆಳಗೆ. ಕೊಳಕು ಮಂಡಲದ ಹಲ್ಲಿಗೆ ಜಾಳಿಗೆ ಬಟ್ಟೆ ಏನೇನೂ ಅಲ್ಲ. ಬೂಟ್ ಹಾಕೋ ಮುಂಚೆ ತಲೆಕೆಳಗು ಮಾಡಿ ಕೊಡವಿರಿ, ಚೇಳು ಕೂತಿರಬಹುದು. ಕಡಿದರೆ ಬಿಗಿದು ಕಟ್ಟೋದು, ಕೊಯ್ಯೋದು, ಮಂತ್ರ ಹಾಕಿಸೋದು ಬೇಡ. ಕಾಲು ಅಲುಗಿಸದಂಗೆ ಇಟ್ಟು 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಬೇಕು. 2024ರಿಂದ ರಾಜ್ಯದಲ್ಲಿ ಹಾವು ಕಡಿತ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ.

ಕೃಷಿ ಹೊಂಡದ ಪ್ಲಾಸ್ಟಿಕ್ ಹಾಸಿಗೆ ಪಾಚಿ ಹಿಡಿದಾಗ ಈ ಶೂ ನಂಬಿ ಇಳಿಯಬೇಡಿ. ಯಾವ ಅಟ್ಟೆಯೂ ಅಲ್ಲಿ ನಿಲ್ಲೋದಿಲ್ಲ, ಈಜು ಬಂದರೂ ಹತ್ತಿ ಬರೋಕೆ ಹಿಡಿತ ಸಿಗೋದಿಲ್ಲ. ಗಂಟು ಹಾಕಿದ ಹಗ್ಗ ದಂಡೆಯ ಗೂಟಕ್ಕೆ ಕಟ್ಟಿ ಕಾಯಂ ಒಳಗೆ ಬಿಟ್ಟಿರಿ.

ಕೊಳ್ಳುವಾಗ ಸಂಜೆ ಅಳತೆ ನೋಡಿ, ದುಡಿದ ಕಾಲು ಆಗ ಸ್ವಲ್ಪ ಊದಿರುತ್ತೆ. ನೆನೆದರೆ ಬಟ್ಟೆ ಸಡಿಲಾಗೋದರಿಂದ ಹಿಮ್ಮಡಿ ಜಾರಬಾರದು. ಬಳಸಿದ ಮೇಲೆ ತೊಳೆದು ನೆರಳಲ್ಲಿ ಒಣಗಿಸಿ. ಕಲಬುರಗಿ ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತೆ. ಊಟದ ಹೊತ್ತಿಗೆ ಬಿಚ್ಚಿ ಬೆರಳ ಸಂದಿ ಒರೆಸಿಕೊಳ್ಳಿ, ಇಲ್ಲಾಂದ್ರೆ ಕೆಸರು ಹುಣ್ಣು ಆಗುತ್ತೆ. ಮನೆಯಲ್ಲಿ ಅಪ್ಪಗೋ ಅವ್ವಗೋ ಸಕ್ಕರೆ ಕಾಯಿಲೆ ಇದ್ದರೆ ಅವರ ಪಾದ ದಿನಾ ನೀವೇ ನೋಡಿ. ಮುಳ್ಳು ಹೊಕ್ಕಿದ್ದೂ ಅವರಿಗೆ ಗೊತ್ತಾಗದೇ ಇರಬಹುದು.